ಎಲ್ಲೆಗೆ ಎಲ್ಲೆಯಿಲ್ಲ

ತುಳುವಿನಲ್ಲಿ ‘ಎಲ್ಲೆ’ ಎಂದರೆ ನಾಳೆ. ಕನ್ನಡದಲ್ಲಿ ಎಲ್ಲೆ ಎಂದರೆ ಗಡಿ, ಮೇರೆ. ನಮ್ಮ ಮನೆಮಾತು ಕನ್ನಡ, ಮೇಸ್ತ್ರಿಯವರದ್ದು ತುಳು. ಈ ಎರಡು ಎಲ್ಲೆಗಳ ನಡುವೆ ಸಿಕ್ಕಿಬಿದ್ದ, ಉಡುಪಿಯ ಅಂಬಲಪಾಡಿಯ ನಮ್ಮ ಮನೆ ಕಳೆದ ಹತ್ತು ತಿಂಗಳಿನಿಂದ ಅರ್ಧ ಹೆಂಚು, ಅರ್ಧ ಟಾರ್ಪಾಲು ಹೊದ್ದು ನಿಂತಿದೆ.

ಮೊದಲ ತಿಂಗಳು ನಾನು ಮೇಸ್ತ್ರಿಯವರ ‘ಎಲ್ಲೆ ಬರ್ಪೆ’ (ನಾಳೆ ಬರುತ್ತೇನೆ) ಎಂಬುದನ್ನು ಅಕ್ಷರಶಃ ನಂಬಿ ಬೆಳಿಗ್ಗೆ ಎಂಟಕ್ಕೇ ಗೇಟು ತೆರೆದಿಟ್ಟು ಕಾಯುತ್ತಿದ್ದೆ. ಬೀದಿಯ ದನಗಳು ಒಳಗೆ ಬಂದು ಅಮ್ಮನ ಬಸಳೆ ಚಪ್ಪರವನ್ನು ಮುಗಿಸಿಹೋದವು. ಆಮೇಲೆ ತಿಳಿಯಿತು, ಅವರು ‘ಎಲ್ಲೆ’ ಎಂದಾಗ ಕೇಳಿಸಿಕೊಂಡವನು ‘ಯಾವ ತಿಂಗಳಿನದ್ದು?’ ಎಂದು ವಿಚಾರಿಸಬೇಕು.

ಅವರನ್ನು ದೂರಿ ಪ್ರಯೋಜನವಿಲ್ಲ. ನಮ್ಮ ಜಿಲ್ಲೆಯ ಪಂಚಾಂಗದಲ್ಲಿ ಮನೆ ಕಟ್ಟಲು ಜಾಗವೇ ಇಲ್ಲ. ದೀಪಾವಳಿ ಮುಗಿದ ಕೂಡಲೇ ಕೆಲಸ ಶುರು ಮಾಡಿದೆವು. ಅಷ್ಟರಲ್ಲಿ ಮೇಳಗಳು ತಿರುಗಾಟಕ್ಕೆ ಹೊರಟಿದ್ದವು, ನಮ್ಮ ಮೇಸ್ತ್ರಿ ಯಕ್ಷಗಾನದ ಹುಚ್ಚರು. ರಾತ್ರಿಯಿಡೀ ಬಯಲಾಟ ನೋಡಿದವರ ಕೈಯಲ್ಲಿ ಬೆಳಿಗ್ಗೆ ಕರಣೆ ಕೊಟ್ಟರೆ ಗೋಡೆ ಎತ್ತ ವಾಲುತ್ತದೋ ಎಂಬ ಭಯಕ್ಕೆ ನಾನೇ ಅವರನ್ನು ಮನೆಗೆ ಕಳಿಸಿದ್ದುಂಟು. ಅದರ ಜೊತೆಗೆ ಕಂಬಳ, ಕೋಲ, ನೇಮ. ಜನವರಿ 18ಕ್ಕೆ ಕೃಷ್ಣಮಠದ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಪರ್ಯಾಯ. ಅದು ಎರಡು ವರ್ಷಕ್ಕೊಮ್ಮೆ ಮಾತ್ರ ಬರುವುದು, ಬರುವ ಸರದಿ ನಮ್ಮ ಮನೆಯ ಮಾಡು ಬಿಚ್ಚಿದ ವರ್ಷದ್ದೇ ಆಗಬೇಕೆ? ‘ಪತ್ತನಾಜೆಯೊಳಗೆ ಎಲ್ಲ ಮುಗಿಸಿ ಕೊಡುತ್ತೇನೆ’ ಎಂದು ಮೇಸ್ತ್ರಿ ಮಾತು ಕೊಟ್ಟಿದ್ದರು. ಆಟ, ಕೋಲಗಳಿಗೆಲ್ಲ ತೆರೆ ಬೀಳುವ ದಿನವೇ ಪತ್ತನಾಜೆ. ಮೇ ಕೊನೆಗೆ ಪತ್ತನಾಜೆ ಬಂತು, ಮೇಳದವರು ಗೆಜ್ಜೆ ಬಿಚ್ಚಿದರು, ಮೇಸ್ತ್ರಿಯವರಿಗೆ ರಾತ್ರಿ ನಿದ್ದೆ ಸಿಗತೊಡಗಿತು. ಸರಿಯಾಗಿ ಹತ್ತು ದಿನಕ್ಕೆ ಮಳೆ ಹಿಡಿಯಿತು. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿದು. ಅದರಲ್ಲಿ ನಮ್ಮ ಪಾಲಿನದ್ದು ನೇರವಾಗಿ ಊಟದ ಕೋಣೆಗೆ ಬಿತ್ತು. ಬಳಿಕ ಆಟಿ ತಿಂಗಳು, ಶುಭಕಾರ್ಯ ಸಲ್ಲದು. ಅದು ಕಳೆಯಿತೆನ್ನುವಾಗ ಅಷ್ಟಮಿ, ಚೌತಿ. ಮತ್ತೆ ದೀಪಾವಳಿ ಹೊಸ್ತಿಲಲ್ಲಿದೆ.

ಮಾಡು ಬಿಚ್ಚಿದ ದಿನ ನಮ್ಮ ಕುಟುಂಬದ ಮರ್ಯಾದೆಯೂ ಸ್ವಲ್ಪ ಬಿಚ್ಚಿಕೊಂಡಿತು. ನಮ್ಮ ಹೆಂಚುಗಳ ಮೇಲೆ ಬಾಸೆಲ್ ಮಿಷನ್ನಿನ ಹೆಸರಿನೊಂದಿಗೆ 1865 ಎಂಬ ಇಸವಿ ಉಬ್ಬಕ್ಷರದಲ್ಲಿದೆ. ಮನೆಗೆ ಬಂದವರಿಗೆಲ್ಲ ಅಪ್ಪ ಅದನ್ನು ತೋರಿಸಿ, ‘ನೂರೈವತ್ತು ವರ್ಷದ ಮನೆ’ ಎನ್ನುತ್ತಿದ್ದರು. ಅಪ್ಪನ ನಂತರ ಆ ಅಧಿಕಾರ ನನಗೆ ಬಂದಿತ್ತು. ಹೆಂಚು ಇಳಿಸಿ ಅಂಗಳದಲ್ಲಿ ಜೋಡಿಸುವಾಗ ಮೇಸ್ತ್ರಿಯವರ ಹುಡುಗ ಮೊಬೈಲು ನೋಡಿ ಹೇಳಿದ, ‘ಅಣ್ಣಾ, ಅದು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಎಲ್ಲ ಹೆಂಚಿನಲ್ಲೂ ಅದೇ ಇರುತ್ತದೆ.’ ನಾನು ಸಾವರಿಸಿಕೊಂಡು, ‘ಆದರೂ ಅಜ್ಜ ಮನೆ ಕಟ್ಟುವಾಗ ಮಿಷನ್ನಿನ ಹೆಂಚೇ ಬೇಕೆಂದು ಆರಿಸಿ ತಂದವರು’ ಎಂದೆ. ಜಗಲಿಯಲ್ಲಿ ಕೂತು ತೊಂಡೆಕಾಯಿ ಹೆಚ್ಚುತ್ತಿದ್ದ ಅಮ್ಮ ತಲೆ ಎತ್ತದೆ, ‘ಆರಿಸಿದ್ದಲ್ಲ ಮಗಾ, ಯಾರದೋ ಹಳೆಯ ಮನೆ ಬಿಚ್ಚುವಾಗ ಅರ್ಧ ಕ್ರಯಕ್ಕೆ ಸಿಕ್ಕಿತು’ ಎಂದರು. ಹುಡುಗ ಹೆಂಚು ಎಣಿಸುವುದನ್ನು ಮುಂದುವರಿಸಿದ. ಒಳ್ಳೆಯ ಹುಡುಗ.

ಹೊರಗಿನ ಕೆಲಸ ನಿಂತಾಗ ಹೆಂಡತಿ ಒಳಾಂಗಣ ಶುರು ಮಾಡಿದಳು. ಮಾಡಿಗೆ ಪಕ್ಕಾಸು ಕೂರುವ ಮೊದಲೇ ಪರದೆಯ ಬಣ್ಣ ನಿಶ್ಚಯವಾಗಿತ್ತು. ಬೆಂಗಳೂರಿನಲ್ಲಿರುವ ಮಗಳು ದಿನಕ್ಕೆ ನಲವತ್ತು ಚಿತ್ರ ಕಳಿಸುತ್ತಾಳೆ. ಎಲ್ಲ ಚಿತ್ರಗಳಲ್ಲೂ ಬಿಳಿ ಸೋಫಾ, ಬಿಳಿ ಗೋಡೆ. ಕೊಡೆ ಒಣಗಿಸುವ ಜಾಗ, ಅಡಿಕೆ ಗೋಣಿ ಇಡುವ ಮೂಲೆ ಒಂದರಲ್ಲೂ ಇಲ್ಲ. ಕೊನೆಗೆ ಮಗಳ ಪರಿಚಯದ ವಿನ್ಯಾಸಕಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ಬಂದಳು. ಟಾರ್ಪಾಲಿನಿಂದ ತೊಟ್ಟಿಕ್ಕುವ ನೀರಿಗೆ ಇಟ್ಟ ಬಕೆಟ್ಟುಗಳ ನಡುವೆ ದಾರಿ ಮಾಡಿಕೊಂಡು ಕೂತು, ವಿನಯದಿಂದ ಕೇಳಿದಳು:

‘ನಿಮ್ಮ ಮನೆಯ ಥೀಮ್ ಏನು?’

ಅಮ್ಮನಿಗೆ ಒಂದು ಕಿವಿ ಸ್ವಲ್ಪ ಮಂದ. ‘ತೇವವಾ? ಉತ್ತರದ ಗೋಡೆ ಪೂರ್ತಿ ಅದೇ’ ಎಂದು ಎದ್ದು ಕರೆದುಕೊಂಡು ಹೋಗಿ ತೋರಿಸಿದರು. ಆ ಹುಡುಗಿ ಪುಸ್ತಕದಲ್ಲಿ ಅದನ್ನೂ ಬರೆದುಕೊಂಡಳು. ನಮ್ಮ ಮನೆಗೆ ಸಂಬಂಧಿಸಿ ಅವಳು ಬರೆದುಕೊಂಡ ಮೊದಲ ಸತ್ಯ ಅದು.

ಹೆಂಡತಿ ಈಗ ಪ್ಲೈವುಡ್‌ನಲ್ಲಿ ವಿದುಷಿ. ಹಿಂದೊಮ್ಮೆ ನಾನು ಅಗ್ಗಕ್ಕೆ ಸಿಕ್ಕಿತೆಂದು ಪುಡಿಹಲಗೆಯ ಕಪಾಟು ತಂದು ಅದು ಎರಡನೆಯ ಮಳೆಗಾಲಕ್ಕೇ ನೆನೆಸಿದ ಅವಲಕ್ಕಿಯಂತೆ ಉಬ್ಬಿದ್ದನ್ನು ಅವಳು ಮರೆತಿಲ್ಲ. ಎಂಟಡಿ ನಾಲ್ಕಡಿಯ ಹಲಗೆ ಬಂದಿಳಿದರೆ ಮೊದಲು ಅದರ ಮೇಲೆ ನೀರಿಗೆ ಜಗ್ಗದ ಪ್ಲೈವುಡ್ಡಿನ ಗುರುತಾದ ಐಎಸ್ 710 ಮುದ್ರೆ ಹುಡುಕುತ್ತಾಳೆ. ಸಾಮಾನ್ಯ ದರ್ಜೆಯ 303 ಎಂದಿದ್ದರೆ ಲಾರಿ ಹಾಗೆಯೇ ತಿರುಗಬೇಕು. ನನ್ನ ಜಾತಕವನ್ನು ಮದುವೆಗೆ ಮುಂಚೆ ಇಷ್ಟು ಎಚ್ಚರದಿಂದ ನೋಡಿದ್ದರೆ ಅವಳೂ ಸುಖವಾಗಿರುತ್ತಿದ್ದಳು.

ಎಲ್ಲವೂ ಒಂದು ಹದಕ್ಕೆ ಬರುತ್ತಿತ್ತು, ಕಡೆಯುವ ಕಲ್ಲು ಒಂದಿಲ್ಲದಿದ್ದರೆ.

ಅದು ಅಜ್ಜಿಯ ಕಾಲದ ಒರಳುಕಲ್ಲು. ಹಳೆಯ ಅಡುಗೆಮನೆಯ ನೆಲದಲ್ಲಿ ಅರ್ಧ ಹೂತುಕೊಂಡಿತ್ತು. ನೆಲ ಅಗೆಯುವಾಗ ನಾಲ್ವರು ಸೇರಿ ಎತ್ತಿ ಬಚ್ಚಲಿಗೆ ಸಾಗಿಸಿದರು. ಬಚ್ಚಲಿಗೆ ಟೈಲು ಹಾಕುವಾಗ ಜಗಲಿಗೆ ಬಂತು. ಜಗಲಿಯ ಗಾರೆ ಕೆಲಸ ಬಂದಾಗ ಚಾವಡಿಗೆ ಬಂದು ಟಿವಿಯ ಎದುರು ಕುಳಿತುಕೊಂಡಿತು. ಈಗ ಮನೆಯಲ್ಲಿ ವಾರ್ತೆ ನೋಡುವುದು ಅದೊಂದೇ, ಉಳಿದವರಿಗೆ ಅದರ ಹಿಂದಿನಿಂದ ಏನೂ ಕಾಣುವುದಿಲ್ಲ. ವಿನ್ಯಾಸಕಿ ಅದನ್ನು ಕಂಡು ಪುಳಕಗೊಂಡಳು. ಮರುದಿನವೇ ಚಿತ್ರ ಬಂತು: ಅಂಗಳದ ಮೂಲೆಯಲ್ಲಿ ಕಲ್ಲು, ಗುಳಿಯಲ್ಲಿ ನೀರು, ನೀರಿನಲ್ಲಿ ತಾವರೆ, ಕೆಳಗಿನಿಂದ ಹಳದಿ ದೀಪ. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ‘ಸೊಳ್ಳೆ ಸಾಕುವುದಕ್ಕಾ?’ ಎಂದರು. ಎರಡನೆಯ ಚಿತ್ರದಲ್ಲಿ ಕಲ್ಲಿನ ಮೇಲೆ ಗಾಜು ಹಾಕಿ ಕಾಫಿ ಮೇಜು ಮಾಡಿದ್ದಳು. ಅದಕ್ಕೆ ಅಮ್ಮ ಉತ್ತರವನ್ನೇ ಕೊಡಲಿಲ್ಲ, ಒಳಗೆ ಹೋಗಿ ಮಲಗಿದರು. ಮನೆಯಲ್ಲಿ ಆ ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಕಲ್ಲಿನ ವಿಷಯದಲ್ಲಿ ನಮಗೆ ಯೋಗವೇ ಇಲ್ಲವೇನೋ. ಅಡುಗೆಕಟ್ಟೆಗೆ ಹತ್ತೂವರೆ ಅಡಿಯ ಗ್ರಾನೈಟ್ ತರಿಸಿದೆವು, ಒಂದೇ ತುಂಡು, ನಡುವೆ ಸಂದು ಇರಬಾರದೆಂದು ಹೆಂಡತಿಯ ಅಪ್ಪಣೆ. ಮೇಸ್ತ್ರಿ ಕಾರ್ಕಳದ ಕಡೆಯವರು. ‘ನಮ್ಮ ಊರಿನಲ್ಲಿ 1432ರಲ್ಲೇ 42 ಅಡಿಯ ಗೊಮ್ಮಟನನ್ನು ಗುಡ್ಡದ ಮೇಲೆ ನಿಲ್ಲಿಸಿದ್ದಾರೆ, ಇದು ಯಾವ ಲೆಕ್ಕ’ ಎಂದು ಲುಂಗಿ ಎತ್ತಿಕಟ್ಟಿದರು. ಗೊಮ್ಮಟನನ್ನು ನಿಲ್ಲಿಸಿದವರಿಗೆ ಆಕಾಶ ತೆರೆದಿತ್ತು. ನಮ್ಮಲ್ಲಿ ಚಾವಡಿಯಿಂದ ಅಡುಗೆಮನೆಗೆ ತಿರುಗುವಲ್ಲಿ ಒಂದು ಮುರಕಲ್ಲಿನ ಗೋಡೆಯಿದೆ. ಆಚೆ ತಿರುಗಿಸಿದರೆ ತುದಿ ದೇವರ ಕೋಣೆಗೆ ಹೋಗುತ್ತದೆ, ಈಚೆ ತಿರುಗಿಸಿದರೆ ಕಿಟಕಿಯಿಂದ ಹೊರಗೆ. ಒಂದು ಗಂಟೆ ಹತ್ತು ನಿಮಿಷ ಆರು ಜನ ಆ ಕಲ್ಲನ್ನು ಹೊತ್ತುಕೊಂಡು ಉತ್ಸವಮೂರ್ತಿಯಂತೆ ಚಾವಡಿಯಲ್ಲಿ ಬಲಿ ಸುತ್ತಿದರು. ಕೊನೆಗೆ ಅಂಗಳಕ್ಕೆ ತಂದು ಯಂತ್ರ ಹಚ್ಚಿ ಎರಡು ಮಾಡಿದೆವು. 1997ರಲ್ಲಿ ದಕ್ಷಿಣ ಕನ್ನಡದಿಂದ ಉಡುಪಿ ಬೇರೆಯಾದ ಹಾಗೆ ಕಟ್ಟೆ ಈಗ ಎರಡು ಜಿಲ್ಲೆಯಾಗಿದೆ: ಒಲೆಯ ಕಡೆ ಅಮ್ಮನದ್ದು, ಸಿಂಕಿನ ಕಡೆ ಹೆಂಡತಿಯದ್ದು. ನಡುವೆ ಕಪ್ಪು ಅಂಟಿನ ಗೆರೆ. ಇಡೀ ಕೆಲಸದಲ್ಲಿ ನಮಗೆ ಸಿಕ್ಕಿದ ಅಪ್ಪಟ ಕನ್ನಡದ ಎಲ್ಲೆ ಅದೊಂದೇ.

ಕಟ್ಟೆ ಏನೋ ಕೂತಿತು, ಅಡುಗೆಮನೆಗೆ ವಿದ್ಯುತ್ ತಂತಿ ಎಳೆದಿಲ್ಲ. ಎಲೆಕ್ಟ್ರಿಷಿಯನ್ ಮೇಸ್ತ್ರಿಯವರ ಕಡೆಯವನೇ. ತಂತಿಯಿಲ್ಲದೆ ಮಿಕ್ಸಿಯಿಲ್ಲ, ಗ್ರೈಂಡರ್ ಇಲ್ಲ. ಮೂರು ತಿಂಗಳು ಹೋಟೆಲಿನ ಇಡ್ಲಿ ತಿಂದು ಬೇಸತ್ತ ಅಮ್ಮ ಚೌತಿಯ ಮರುವಾರ ಯಾರಿಗೂ ಹೇಳದೆ ಬೆಳ್ತಿಗೆ ಅಕ್ಕಿ ನೆನೆಹಾಕಿದರು. ಬೆಳಿಗ್ಗೆ ಚಾವಡಿಯಲ್ಲಿ ಗರಗರ ಶಬ್ದ ಕೇಳಿ ಎದ್ದರೆ ಅಮ್ಮ ಟಿವಿಗೆ ಬೆನ್ನು ಹಾಕಿ ಕೂತು ಗುಂಡು ತಿರುಗಿಸುತ್ತಿದ್ದಾರೆ. ಹೆಂಡತಿ ಎದುರಿಗೆ ಕುಳಿತು ಹಿಟ್ಟು ಗುಳಿಗೆ ನೂಕುತ್ತಿದ್ದಾಳೆ. ಗಡಿ ವಿವಾದಕ್ಕೆ ಅಂದು ವಿರಾಮವಿತ್ತು.

ಕಾವಲಿಗೆಯ ಮೇಲೆ ಮೊದಲ ನೀರುದೋಸೆ ಚುಂಯ್ ಎಂದದ್ದು ಕಾರ್ಕಳದವರೆಗೆ ಕೇಳಿಸಿತೋ ಏನೋ. ಹನ್ನೆರಡು ದಿನ ಮುಖ ತೋರಿಸದ ಮೇಸ್ತ್ರಿ, ಮರೆತುಹೋದ ರಸಮಟ್ಟ ಕೊಂಡುಹೋಗಲು ಎಂದು ಹೇಳಿಕೊಂಡು ಪ್ರತ್ಯಕ್ಷರಾದರು. ಅಮ್ಮ ಎಲೆ ಹಾಕಿದರು. ಕಾಯಿಬೆಲ್ಲದ ಜೊತೆ ಆರು, ಚಟ್ನಿಯ ಜೊತೆ ಐದು. ಕೈ ತೊಳೆದು ಬಂದು ಕಲ್ಲಿನ ಅಂಚನ್ನು ಸವರಿ, ‘ಅಮ್ಮಾ, ಈ ರುಚಿ ಯಂತ್ರಕ್ಕೆ ಬರುವುದಿಲ್ಲ. ಇನ್ನು ಯಾವಾಗ ಮಾಡುತ್ತೀರಿ?’ ಎಂದು ಕೇಳಿದರು.

‘ಅಡುಗೆಮನೆಗೆ ಕರೆಂಟು ಯಾವಾಗ?’

‘ಎಲ್ಲೆ ಅಮ್ಮಾ.’

‘ದೋಸೆಯೂ ಎಲ್ಲೆಯೇ’ ಎಂದರು ಅಮ್ಮ, ಕಲ್ಲಿಗೆ ನೀರು ಹೊಯ್ಯುತ್ತ. ಉಡುಪಿಗೆ ಸೊಸೆಯಾಗಿ ಬಂದು ಐವತ್ತು ವರ್ಷವಾದರೂ ಅವರ ಬಾಯಿಂದ ನಾನು ಕೇಳಿದ ಮೊದಲ ತುಳು ಶಬ್ದ ಅದು.

ಮೇಸ್ತ್ರಿ ಅಂಗಳಕ್ಕಿಳಿದವರೇ ಎಲೆಕ್ಟ್ರಿಷಿಯನ್‌ಗೆ ಫೋನು ಹಚ್ಚಿದರು. ಆಚೆಯವನು ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಮೇಸ್ತ್ರಿಯವರ ಮುಖ ಮಾತ್ರ ಅವರ ಹಿಂದೆ ಜೋಡಿಸಿಟ್ಟ ಹೆಂಚಿನಷ್ಟೇ ಕೆಂಪಗಾಗಿತ್ತು.

‘ಎಲ್ಲೆ ಎಂದರೆ ಯಾವ ಎಲ್ಲೆ ಮಾರಾಯಾ?’ ಎಂದು ಕೂಗುತ್ತಿದ್ದರು.