ಷೇರು ವಿಶ್ಲೇಷಣೆಯ ಕೈಪಿಡಿಯನ್ನು ಏಜೆಂಟ್ ಓದುವಾಗ

ಶಿರಸಿಯ ಮನೆಯಲ್ಲಿ ಕುಳಿತು ತಂತ್ರಾಂಶಗಳಿಗೆ ಕೈಪಿಡಿ ಬರೆಯುವುದು ನನ್ನ ವೃತ್ತಿ. ಈಗ ಕೈಯಲ್ಲಿರುವುದು ಷೇರು ವಿಶ್ಲೇಷಣೆಯ ಒಂದು ಟೂಲ್. ಅದರ ಕೈಪಿಡಿಯನ್ನು ಮೊದಲು ಓದುವುದು ಎಐ ಏಜೆಂಟ್, ಅಂದರೆ ಬಳಕೆದಾರರ ಪರವಾಗಿ ಇಂಥ ಟೂಲ್‌ಗಳನ್ನು ತಾನೇ ಬಳಸಿ ಉತ್ತರ ಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶ. ಇಂಥ ಬರವಣಿಗೆಯ ಬಗ್ಗೆ ನನಗೆ ಗಟ್ಟಿಯಾದ ಒಂದು ಅಭಿಪ್ರಾಯವಿದೆ: ಟೂಲ್‌ಗೆ ಏನೆಲ್ಲ ಗೊತ್ತು ಎಂಬುದಕ್ಕಿಂತ ಏನು ಗೊತ್ತಿಲ್ಲ ಎಂಬುದನ್ನು ಹೇಳುವ ಭಾಗಕ್ಕೆ ಹೆಚ್ಚು ಶ್ರಮ ಹಾಕಬೇಕು. ನಾನು ನೋಡುವ ಹೆಚ್ಚಿನ ಕೈಪಿಡಿಗಳಲ್ಲಿ ಆ ಭಾಗವೇ ಇರುವುದಿಲ್ಲ.

2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಎಂಬ ಎಐ ಕಂಪನಿಯು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಮುಕ್ತ ಮಾನದಂಡವನ್ನು ಹೊರತಂದ ಮೇಲೆ ಟೂಲ್‌ಗಳನ್ನು ಏಜೆಂಟ್‌ಗೆ ಜೋಡಿಸುವುದು ಬಹಳ ಸುಲಭವಾಗಿದೆ. ಟೂಲ್‌ನ ಹೆಸರು, ಒಂದು ವಿವರಣೆ, ಕೊಡಬೇಕಾದ ಮಾಹಿತಿಯ ಪಟ್ಟಿ, ಮುಖ್ಯವಾಗಿ ಇವುಗಳನ್ನು ಓದಿಯೇ ಯಾವ ಟೂಲ್ ಬಳಸಬೇಕು, ಬಂದ ಉತ್ತರವನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದನ್ನು ಏಜೆಂಟ್ ತೀರ್ಮಾನಿಸುತ್ತದೆ. ಮನುಷ್ಯ ಓದುಗನಿಗೆ ಸಂಶಯ ಬಂದರೆ ಪಕ್ಕದವರನ್ನು ಕೇಳುತ್ತಾನೆ. ಏಜೆಂಟ್ ಬಿಟ್ಟುಹೋದ ಜಾಗವನ್ನು ಎಷ್ಟೋ ಸಲ ಊಹೆಯಿಂದ ತುಂಬಿಕೊಂಡು, ಊಹೆಯನ್ನೂ ಖಚಿತ ಮಾಹಿತಿಯನ್ನೂ ಒಂದೇ ದನಿಯಲ್ಲಿ ಹೇಳಿಬಿಡುತ್ತದೆ.

'ಷೇರಿನ ದರವನ್ನು ಕೊಡುತ್ತದೆ' ಎಂಬ ಒಂದೇ ಸಾಲಿನ ವಿವರಣೆಯನ್ನು ತೆಗೆದುಕೊಳ್ಳಿ. ಇನ್ಫೋಸಿಸ್ ಷೇರಿನ ಸಂಕೇತ ನಮ್ಮ ರಾಷ್ಟ್ರೀಯ ಷೇರುಪೇಟೆ ಎನ್‌ಎಸ್‌ಇಯಲ್ಲೂ ನ್ಯೂಯಾರ್ಕ್ ಷೇರುಪೇಟೆಯಲ್ಲೂ ಐಎನ್‌ಎಫ್‌ವೈ ಎಂದೇ ಇದೆ. ಇಲ್ಲಿ ವ್ಯವಹಾರ ರೂಪಾಯಿಯಲ್ಲಿ, ಅಲ್ಲಿ ಡಾಲರ್‌ನಲ್ಲಿ. ಯಾವ ಪೇಟೆ, ಯಾವ ಹಣ ಎಂಬುದನ್ನು ಬರೆಯದಿದ್ದರೆ ಸಂಖ್ಯೆ ಸರಿಯಾಗಿದ್ದೂ ಉತ್ತರ ತಪ್ಪಾಗುತ್ತದೆ. ಶಿರಸಿ ಪೇಟೆಯಲ್ಲಿ ಅಡಿಕೆ ದರ ಕೇಳಿದವರಿಗೆ ಚಾಲಿಯೋ, ರಾಶಿಯೋ, ಬೆಟ್ಟೆಯೋ ಎಂಬ ಮರುಪ್ರಶ್ನೆ ಬಂದೇ ಬರುತ್ತದೆ, ಮತ್ತು ಹೇಳುವ ದರ ಕ್ವಿಂಟಲಿಗೆ ಎಂಬುದು ಇಬ್ಬರಿಗೂ ಗೊತ್ತಿರುತ್ತದೆ. ಏಜೆಂಟ್‌ಗೆ ಆ ಮರುಪ್ರಶ್ನೆಯನ್ನೂ ಆ ತಿಳಿವಳಿಕೆಯನ್ನೂ ನಾವೇ ಬರೆದು ಕೊಡಬೇಕು.

ಹಳೆಯ ದರಗಳ ವಿಷಯ ಇನ್ನೂ ಸೂಕ್ಷ್ಮ. ರಿಲಯನ್ಸ್ 2024ರ ಅಕ್ಟೋಬರ್‌ನಲ್ಲಿ ಇದ್ದ ಪ್ರತಿ ಷೇರಿಗೆ ಒಂದರಂತೆ ಬೋನಸ್, ಅಂದರೆ ಉಚಿತ, ಷೇರು ಕೊಟ್ಟಿತು. ಬೋನಸ್‌ಗೆ ತಕ್ಕಂತೆ ಹೊಂದಿಸದ ಹಳೆಯ ದರಗಳನ್ನು ನೋಡಿದರೆ ಆ ಷೇರು ಒಂದೇ ದಿನದಲ್ಲಿ ಅರ್ಧಕ್ಕೆ ಕುಸಿದಂತೆ ಕಾಣುತ್ತದೆ, ಆದರೆ ಷೇರುದಾರನ ಬಳಿಯ ಷೇರುಗಳು ದುಪ್ಪಟ್ಟಾಗಿದ್ದವು. ಬೋನಸ್ ಮತ್ತು ಷೇರು ವಿಭಜನೆಗೆ ದರ ಹೊಂದಿಸಲಾಗಿದೆಯೇ, ಡಿವಿಡೆಂಡ್‌ಗೂ (ಷೇರುದಾರರಿಗೆ ಹಂಚುವ ಲಾಭಾಂಶಕ್ಕೂ) ಹೊಂದಿಸಲಾಗಿದೆಯೇ ಎಂಬ ಎರಡು ವಾಕ್ಯಗಳು ಇಲ್ಲದಿದ್ದರೆ ಏಜೆಂಟ್ ಇಲ್ಲದ ಕುಸಿತಕ್ಕೆ ಕಾರಣವನ್ನೂ ಹುಡುಕಿ ಕೊಡಬಲ್ಲದು. ಮೊದಲ ತ್ರೈಮಾಸಿಕ ಎಂದರೆ ನಮ್ಮಲ್ಲಿ ಸಾಮಾನ್ಯವಾಗಿ ಏಪ್ರಿಲ್‌ನಿಂದ ಜೂನ್, ಅದನ್ನೂ ಬರೆಯಬೇಕು. ಲಾಭದ ಅಂಕಿ ಕಂಪನಿಯೊಂದರದ್ದೋ, ಅಂಗಸಂಸ್ಥೆಗಳನ್ನೂ ಸೇರಿಸಿದ್ದೋ, ಕೋಟಿಯಲ್ಲೋ ಮಿಲಿಯನ್‌ನಲ್ಲೋ ಎಂಬುದನ್ನೂ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಸೊನ್ನೆ. ಸಾಲದ ಮಾಹಿತಿ ಸಿಗದಿದ್ದಾಗ ಟೂಲ್ ಸೊನ್ನೆಯನ್ನು ಹಿಂದಿರುಗಿಸಿದರೆ, ಏಜೆಂಟ್ ಅದನ್ನು 'ಸಾಲವಿಲ್ಲದ ಕಂಪನಿ' ಎಂದು ಓದುತ್ತದೆ. ಷೇರು ಕೊಳ್ಳುವವರಿಗೆ ಇದಕ್ಕಿಂತ ಆಕರ್ಷಕವಾದ ಮಾತು ಕಡಿಮೆ. 'ಮಾಹಿತಿ ಲಭ್ಯವಿಲ್ಲ, ಇದನ್ನು ಸೊನ್ನೆ ಎಂದು ಪರಿಗಣಿಸಬೇಡಿ' ಎಂಬ ಸಾಲು ಕೈಪಿಡಿಯಲ್ಲೂ ಇರಬೇಕು, ಟೂಲ್ ಕೊಡುವ ಉತ್ತರದಲ್ಲೂ ಇರಬೇಕು. ಬ್ಯಾಂಕುಗಳಿಗೆ ಜನರ ಠೇವಣಿಯೇ ಹಣದ ದೊಡ್ಡ ಮೂಲವಾದ್ದರಿಂದ ಸಾಲ ಮತ್ತು ಷೇರುದಾರರ ಬಂಡವಾಳದ ಅನುಪಾತವನ್ನು ಕಾರ್ಖಾನೆಗಳಿಗೆ ಅನ್ವಯಿಸುವಂತೆ ಅವುಗಳಿಗೆ ಅನ್ವಯಿಸಬಾರದು ಎಂಬುದೂ ಅಲ್ಲೇ ಬರಬೇಕು.

ವಿವರಣೆ ಉದ್ದವಾದಷ್ಟೂ ಅದನ್ನು ಏಜೆಂಟ್‌ಗೆ ಓದಿಸುವ ಖರ್ಚು ಹೆಚ್ಚು, ಏಜೆಂಟ್‌ನ ಗಮನವೂ ಚದುರುತ್ತದೆ ಎಂದು ಜೊತೆಯವರು ಹೇಳುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ, ನಾನು ಒಪ್ಪುತ್ತೇನೆ. ಆದರೆ ಕತ್ತರಿ ಬೀಳಬೇಕಾದದ್ದು 'ಅತ್ಯಾಧುನಿಕ', 'ಶಕ್ತಿಶಾಲಿ' ಎಂಬ ಜಾಹೀರಾತಿನ ಮಾತುಗಳ ಮೇಲೆ, ಮಿತಿಗಳನ್ನು ಹೇಳುವ ಸಾಲುಗಳ ಮೇಲಲ್ಲ.

ಇಷ್ಟು ಹಟ ಯಾಕೆಂದರೆ, ಏಜೆಂಟ್‌ನ ಆಚೆ ಬದಿಯಲ್ಲಿ ಅಡಿಕೆ ಮಾರಿದ ದುಡ್ಡನ್ನು ಷೇರಿಗೆ ಹಾಕಲು ಯೋಚಿಸುತ್ತಿರುವ ನಮ್ಮೂರಿನವರೇ ಇರಬಹುದು, ಕುಮಟಾದಲ್ಲೋ ಕಾರವಾರದಲ್ಲೋ ನಿವೃತ್ತಿಯ ಹಣ ಇಟ್ಟುಕೊಂಡ ಶಿಕ್ಷಕರಿರಬಹುದು. ಅವರು ಕೈಪಿಡಿಯನ್ನು ಎಂದೂ ನೋಡುವುದಿಲ್ಲ. ಹಣ ಪಡೆದು ಹೂಡಿಕೆಯ ಸಲಹೆ ನೀಡುವವರು ನೋಂದಾಯಿಸಿಕೊಳ್ಳಬೇಕೆಂದು ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ 2013ರಲ್ಲಿ, ಷೇರು ಸಂಶೋಧನಾ ವಿಶ್ಲೇಷಕರಿಗೆ 2014ರಲ್ಲಿ ನಿಯಮಗಳನ್ನು ರೂಪಿಸಿದೆ. ಆದ್ದರಿಂದ ಈ ಟೂಲ್ ಲೆಕ್ಕವನ್ನಷ್ಟೇ ಕೊಡುತ್ತದೆ, ಕೊಳ್ಳಿ ಅಥವಾ ಮಾರಿ ಎಂಬ ತೀರ್ಮಾನಕ್ಕೆ ಇದನ್ನು ಬಳಸಬಾರದು ಎಂಬ ಸೂಚನೆ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ಅಡಗದೆ, ಏಜೆಂಟ್ ಮೊದಲು ಓದುವ ವಿವರಣೆಯಲ್ಲೇ ಇರಬೇಕು. ನನ್ನ ಕರಡಿನಲ್ಲಿ ಅದರ ಪಕ್ಕದಲ್ಲೇ ಮತ್ತೊಂದು ಸಾಲು ಸೇರಿಸಿದ್ದೇನೆ: ಷೇರುಪೇಟೆ ಮಧ್ಯಾಹ್ನ ಸುಮಾರು 3.30ಕ್ಕೆ ಮುಚ್ಚುವುದರಿಂದ, ರಾತ್ರಿ ಕೇಳಿದವರಿಗೆ ದರವನ್ನು 'ಈಗಿನ ದರ' ಎನ್ನದೆ ದಿನಾಂಕ ಮತ್ತು ಸಮಯದೊಂದಿಗೇ ಹೇಳಬೇಕು.