ಮನೆ ನೋಡೋದಿದ್ರೆ ಆಷಾಢದಲ್ಲಿ ನೋಡಿ

ಕುಮಟಾ ಹತ್ತಿರ ಒಂದು ಹಳೇ ಹೆಂಚಿನ ಮನೆ ಮಾರಾಟಕ್ಕಿದೆ. ಆರು ಗುಂಟೆ ಜಾಗ, ಬಾವಿ, ನಾಲ್ಕು ತೆಂಗು. 28 ಲಕ್ಷ ಹೇಳ್ತಿದ್ದಾರೆ. ಡಿಸೆಂಬರಿನಲ್ಲಿ ನೋಡಿದವನು ಜಗಲಿಯ ಎಳೆಬಿಸಿಲಲ್ಲಿ ಚಾ ಕುಡಿಯುತ್ತಾ ಮನಸ್ಸಿನಲ್ಲೇ ಸಾಮಾನು ಇಳಿಸಿಬಿಟ್ಟಿದ್ದೆ.

ಜೊತೆಗೆ ಬಂದಿದ್ದ ಮರಗೆಲಸದ ಆಚಾರ್ರು ಮಾತ್ರ ತಲೆಯೆತ್ತಿ ಹೆಂಚಿನ ಮಾಡು ನೋಡ್ತಾ, "ತಮ್ಮಾ, ಆಷಾಢದಲ್ಲಿ ಇನ್ನೊಂದ್ಸಲ ಬರುವ" ಅಂದರು.

ಹೋದೆವು. ನಡುಮನೆಯಲ್ಲಿ ಮೂರು ಬಾಲ್ದಿ. ಆಚಾರ್ರು ಸ್ಕ್ರೂಡ್ರೈವರ್ ತಗೊಂಡು ಹೆಂಚು ಹೊರುವ ಮರದ ಪಕಾಸಿಗೆ ಚುಚ್ಚಿದರೆ ಹಲಸಿನ ಹಣ್ಣಿಗೆ ಚುಚ್ಚಿದ ಹಾಗೆ ಒಳಗೆ ಹೋಯ್ತು. ಒರಲೆ. ಒಡೆದ ಹೆಂಚು ಬದಲಿಸೋದು ದೊಡ್ಡದಲ್ಲ, ಮಾಡಿನ ಮರ ಹೋದರೆ ಅದು ಖರ್ಚು. ಹಿಂದೆ ಗುಡ್ಡ ಕಡಿದ ದರೆ ಬೇರೆ ಇದೆ, ಹಿತ್ತಿಲಿಂದ ಎಂಟು ಹೆಜ್ಜೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ದರೆ ಕಂಡರೆ ನನಗೆ ಹೊಟ್ಟೆಯಲ್ಲಿ ಏನೋ ಆಗ್ತದೆ. ನೀರು ಬೇರೆ ಕಡೆ ಹೋಗುವ ಹಾಗೆ ಮೇಲೆ ಚರಂಡಿ ತೆಗೆಸದೆ ಅಲ್ಲಿ ಮಲಗಲಾರೆ.

"ಕೆಡವಿ ಸ್ಲ್ಯಾಬ್ ಹಾಕು" ಅಂತಾನೆ ಬಾವ. ಅವನ ಸ್ಲ್ಯಾಬ್ ಸೋರಿ ಈಗ ಅದರ ಮೇಲೆ ತಗಡು ಹೊದೆಸಿದ್ದಾನೆ, ಆ ವಿಷಯ ಎತ್ತಬಾರದು. ಇನ್ನೊಬ್ಬರದ್ದು, ಗೋಡೆಗೆ ಸಿಮೆಂಟ್ ಹೊಡೆಸು ಅಂತ. ಮಣ್ಣಿಟ್ಟು ಕಟ್ಟಿದ ಕೆಂಪುಕಲ್ಲಿನ ಗೋಡೆ ಮಳೆಗಾಲದಲ್ಲಿ ಪಸೆ ಹೀರಿ ಬೇಸಿಗೆಯಲ್ಲಿ ಬಿಡ್ತದೆ. ಸಿಮೆಂಟ್ ಬಳಿದರೆ ಪಸೆ ಒಳಗೇ ಕೂತು ಪ್ಲಾಸ್ಟರ್ ಹೊಟ್ಟೆ ಉಬ್ಬಿಸಿಕೊಂಡು ಉದುರ್ತದೆ. ಸುಣ್ಣದ ಗಾರೆಯೇ ಸರಿ.

ಇನ್ನು ಸಾಲ. ಮನೆಯ ವಯಸ್ಸು ನೋಡಿ ಬ್ಯಾಂಕಿನ ಇಂಜಿನಿಯರ್ 22 ಲಕ್ಷ ಬೆಲೆ ಕಟ್ಟಿದರು. 30 ಲಕ್ಷದವರೆಗಿನ ಗೃಹಸಾಲ ಬೆಲೆಯ ಶೇ. 90 ಮೀರುವ ಹಾಗಿಲ್ಲ, ಅಂದರೆ ಹತ್ತಿರ ಹತ್ತಿರ 20 ಲಕ್ಷ. ಶೇ. 8.5 ಬಡ್ಡಿ, 20 ವರ್ಷ, ತಿಂಗಳಿಗೆ ಸುಮಾರು 17,350 ಕಂತು. ಉಳಿದದ್ದೂ ಸ್ಟಾಂಪು, ನೋಂದಣಿಯೂ ಕೈಯಿಂದ. ರಿಪೇರಿಗೆ ಇನ್ನೊಂದು 10 ಲಕ್ಷ ಅದೇ ಬಡ್ಡಿಗೆ ಸಿಕ್ಕಿದರೂ 20 ವರ್ಷದಲ್ಲಿ ತೀರಿಸೋದು 20.8 ಲಕ್ಷ! ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲೂ, ವಾಸದ ಮನೆ ಕೊಂಡ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ, ರಿಪೇರಿ ಸಾಲದ ಬಡ್ಡಿಗೆ ಬರೀ 30,000.

ಹಾಗಾಗಿ ನನ್ನ ತೀರ್ಮಾನ: ಸಾಲ ಕೊಳ್ಳುವುದಕ್ಕೆ ಮಾತ್ರ, ರಿಪೇರಿ ಕೈಯಲ್ಲಿದ್ದಷ್ಟು. ಮೊದಲ ವರ್ಷ ಮಾಡು ಮತ್ತು ಚರಂಡಿ. ಟೈಲ್ಸು, ಮಾಡ್ಯುಲರ್ ಕಿಚನ್ ಎಲ್ಲ ಕಾಯಲಿ. ಹೆಂಡತಿ ಒಪ್ಪಿದ್ದಾಳೆ, ಬಚ್ಚಲು ಮಾತ್ರ ಮೊದಲ ವರ್ಷವೇ ಆಗಬೇಕಂತೆ. ನ್ಯಾಯವೇ.

ಉಳಿದಿರುವುದು ಕಾಗದ. ಮೂವರು ಅಣ್ಣತಮ್ಮಂದಿರ ಜಂಟಿ ಹೆಸರು, ಒಬ್ಬ ಮುಂಬೈಯಲ್ಲಿ. ಚೌತಿಗೆ ಬರ್ತಾನಂತೆ. ಮೂವರೂ ಒಟ್ಟಿಗೆ ಕೂತಾಗ ಬೆಲೆ ಮಾತಾಡಬೇಕು. ಬಾಲ್ದಿಗಳ ಫೋಟೋ ಫೋನಲ್ಲಿದೆ.