ಆ ಪೋಷಕರು ಕೇಳಿದ್ದು ಇಷ್ಟೇ

ಮೇರಿಲ್ಯಾಂಡ್‌ನ (ಅಮೆರಿಕದ ಒಂದು ರಾಜ್ಯ) ಮಾಂಟ್ಗೊಮರಿ ಕೌಂಟಿ ಎಂಬ ಜಿಲ್ಲೆಯ ಪೋಷಕರು ಕೋರ್ಟಿನಲ್ಲಿ ‘ಪುಸ್ತಕ ನಿಷೇಧ’ ಗೆದ್ದರು ಅಂತ ಲೇಖನದಲ್ಲಿ ಬರೆದಿದ್ದೀರಿ. ಇದು ತಪ್ಪು. ಚಿಕ್ಕ ಮಕ್ಕಳಿಗೆ ಸಲಿಂಗ ಮದುವೆ, ಲಿಂಗ ಗುರುತಿನ ಕಥೆಪುಸ್ತಕ ಓದುವ ದಿನ ಮೊದಲೇ ತಿಳಿಸಿ, ಅಷ್ಟು ಹೊತ್ತು ನಮ್ಮ ಮಗುವನ್ನು ಹೊರಗೆ ಕೂರಿಸಿ ಅಂದರು, ಅಷ್ಟೇ. ಮೊದಲು ಶಾಲೆಗಳೇ ಅದಕ್ಕೆ ಒಪ್ಪಿದ್ದವು. 2023ರ ಮಾರ್ಚ್‌ನಲ್ಲಿ ಶಿಕ್ಷಣ ಮಂಡಳಿ ಆ ಅವಕಾಶ ಕಿತ್ತುಕೊಂಡಿತು. ಆಮೇಲೆ ರಾಕ್‌ವಿಲ್‌ನ ಮಂಡಳಿ ಕಚೇರಿ ಮುಂದೆ ಹಿಜಾಬ್ ಹಾಕಿದ ತಾಯಂದಿರು, ಇಥಿಯೋಪಿಯಾ ಮೂಲದ ಆರ್ಥೊಡಾಕ್ಸ್ ಕ್ರೈಸ್ತರು ಒಟ್ಟಿಗೆ ಫಲಕ ಹಿಡಿದು ನಿಂತರು. ಇವರನ್ನೆಲ್ಲ ಸುಮ್ನೆ ದ್ವೇಷಿಗಳು ಅಂತ ಕರೆದರೆ ನನಗೆ ನಿಜಕ್ಕೂ ನೋವಾಗುತ್ತದೆ.

2025ರ ಜೂನ್ 27ರಂದು ಪೋಷಕರು ಹೂಡಿದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6–3ರಲ್ಲಿ ಅವರ ಪರ ನಿಂತಿತು, ತೀರ್ಪು ಬರೆದವರು ನ್ಯಾಯಮೂರ್ತಿ ಅಲಿಟೊ. ಎಂಟನೇ ತರಗತಿ ಆದ ಮೇಲೆ ಮಕ್ಕಳನ್ನು ಶಾಲೆಗೆ ಕಳಿಸಲ್ಲ ಅಂದ ‘ಆಮಿಷ್’ ಎಂಬ ಸಂಪ್ರದಾಯಸ್ಥ ಕ್ರೈಸ್ತ ಪಂಗಡದ ಪೋಷಕರ ವಾದವನ್ನು ಇದೇ ಕೋರ್ಟ್ 1972ರಲ್ಲೇ ಒಪ್ಪಿತ್ತು, ಅದರ ಮುಂದೆ ಇದು ಎಷ್ಟು ಚಿಕ್ಕ ಬೇಡಿಕೆ ಅಲ್ವಾ? ಹೀಗಾದರೆ ಶಾಲೆ ನಡೆಸುವುದು ಕಷ್ಟ ಎಂಬ ನ್ಯಾಯಮೂರ್ತಿ ಸೋಟೊಮಯೋರ್ ಅವರ ಭಿನ್ನ ತೀರ್ಪಿನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ದೊಡ್ಡ ಮಕ್ಕಳ ಲೈಂಗಿಕ ಶಿಕ್ಷಣದ ಪಾಠ ಬೇಡ ಅನ್ನಲು ಅಲ್ಲಿನ ಪೋಷಕರಿಗೆ ಅವಕಾಶ ಇದ್ದೇ ಇತ್ತು. ಐದು ವರ್ಷದ ಮಗುವಿನ ವಿಷಯದಲ್ಲಿ ಮಾತ್ರ ಆ ಅವಕಾಶ ಯಾಕೆ ಇರಬಾರದು?